ಕೆಳಗಿನ ಮನೆಯಿಂದ ಒಣಮೀನಿನ ವಾಸನೆ ಬರುತ್ತೆ, ಅಸೋಸಿಯೇಷನ್‌ಗೆ ದೂರು ಕೊಡಬಹುದಾ?

ಕೊಡಬೇಡಿ. ನಾವು ಸಸ್ಯಾಹಾರಿಗಳು, ಕಿಟಕಿಯೆಲ್ಲ ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕಿದರೂ ವಾಸನೆ ನಿಲ್ಲುತ್ತಿಲ್ಲ ಅಂತ ಬರೆದಿದ್ದೀರಲ್ಲ, ಆ ಸಾಲು ಓದಿದ ಕೂಡಲೇ ನನಗೆ 2018ರ ಜುಲೈ ನೆನಪಾಯಿತು.

ಆಗ ನಾವು ಬೆಂಗಳೂರಿನ ವಿಜಯನಗರದ ಕಡೆ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೆವು. ನನಗೆ ಮೂರು ತಿಂಗಳು. ಬೆಳಗ್ಗೆ ಕಾಫಿ ಡಿಕಾಕ್ಷನ್ ವಾಸನೆಗೂ ಹೊಟ್ಟೆ ತೊಳಸುತ್ತಿತ್ತು. ತುಮಕೂರು ಕಡೆಯ ಮನೆಯಲ್ಲಿ ಬೆಳೆದವಳು ನಾನು, ನಮ್ಮ ಅಡುಗೆಮನೆಗೆ ಮೊಟ್ಟೆಯೂ ಬಂದದ್ದಿಲ್ಲ. ಕೆಳಗಿನ ಮನೆಯವರು ಮಲ್ಪೆ ಕಡೆಯವರು. ಗಂಡ, ಹೆಂಡತಿ, ವಯಸ್ಸಾದ ಅತ್ತೆ. ಆಕೆಯನ್ನು ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ. ನಮ್ಮ ಮನೆಯ ಇನ್ನೊಂದು ಕೀ ಅವರ ಹತ್ತಿರವೇ ಇರುತ್ತಿತ್ತು. ಅದಕ್ಕೆ ಕೆಂಪು ದಾರ ಕಟ್ಟಿ, ಫ್ರಿಡ್ಜ್ ಪಕ್ಕದ ಮೊಳೆಗೆ ನೇತು ಹಾಕಿದ್ದರು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಸಿ ಮೀನು ಸರಿಯಾಗಿ ಸಿಗದ ಆ ದಿನಗಳಿಗೆ ಅಂತಲೇ ಬೇಸಿಗೆಯಲ್ಲಿ ಉಪ್ಪು ಹಾಕಿ ಮೀನು ಒಣಗಿಸಿಟ್ಟುಕೊಳ್ಳುತ್ತಾರೆ. ಅತ್ತೆಗೆ ಅಂತ ಊರಿಂದ ಒಣ ಎಟ್ಟಿ ಬಂದಿತ್ತು, ಅಂದರೆ ಸಣ್ಣ ಸಿಗಡಿ. ಬಾಣಲೆಯಲ್ಲಿ ಗರಿಗರಿ ಹುರಿದು, ತೆಂಗಿನಕಾಯಿ, ಒಣಮೆಣಸು, ಹುಣಸೆಹುಳಿ ಹಾಕಿ ಚಟ್ನಿ ಮಾಡುತ್ತಾರೆ. ಜೊತೆಗೆ ಕುಚ್ಚಲಕ್ಕಿ ಗಂಜಿ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಆಗ ಗೊತ್ತಾದದ್ದು ವಾಸನೆ ಮಾತ್ರ.

ಒಂದು ರಾತ್ರಿ ಎರಡು ಸಲ ವಾಂತಿಯಾಯಿತು. ಬಾತ್‌ರೂಮಿನಿಂದ ಬಂದು ಮಂಚದ ಮೇಲೆ ಕೂತವಳು, ಫೋನ್ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ: "ಎರಡನೇ ಮಹಡಿಯವರು ದಯವಿಟ್ಟು ಅಡುಗೆ ವಾಸನೆ ಕಡೆ ಗಮನ ಕೊಡಿ, ತಡೆಯೋಕಾಗ್ತಿಲ್ಲ."

ನಾನು ಮಾಡಿದ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಆ ಹೊತ್ತಿಗೆ ಅದು ತಪ್ಪು ಅಂತ ನನಗೆ ಅನ್ನಿಸಿರಲೇ ಇಲ್ಲ. "ದಯವಿಟ್ಟು" ಅಂದಿದ್ದೆ. ಮೀನು ಅಂದಿರಲಿಲ್ಲ. ಹೆಸರು ಹೇಳಿರಲಿಲ್ಲ. ಆದರೆ ಎರಡನೇ ಮಹಡಿಯಲ್ಲಿ ಇದ್ದದ್ದೇ ಎರಡು ಮನೆ, ಅದರಲ್ಲಿ ಒಂದಕ್ಕೆ ಆರು ತಿಂಗಳಿಂದ ಬೀಗ. ಹೆಸರು ಹೇಳದೆಯೂ ಬೆರಳು ಮಾಡಿ ತೋರಿಸಿದ ಹಾಗೇ ಆಯಿತು, ಅದೂ 24 ಮನೆಯವರ ಮುಂದೆ. ಬಾಗಿಲಿಗೆ ಹೋಗಿ ಹೇಳಿದ್ದರೆ ಅವರಿಗೆ "ಅಯ್ಯೋ ಹೌದಾ" ಅನ್ನಲು ಜಾಗ ಇರುತ್ತಿತ್ತು. ನನ್ನ ಮುಖ ನೋಡಿ, ಬಸುರಿ, ಅವಳಿಗೆ ಆಗುತ್ತಿಲ್ಲ ಅಂತ ಅರ್ಥ ಮಾಡಿಕೊಳ್ಳುತ್ತಿದ್ದರು. ನಾನು ಬಸುರಿ ಅಂತ ಅವರಿಗೆ ಹೇಳಿಯೇ ಇರಲಿಲ್ಲ! ಐದು ತಿಂಗಳಾಗುವವರೆಗೆ ಯಾರಿಗೂ ಹೇಳುವುದು ಬೇಡ ಅಂತ ಅಮ್ಮ ಅಂದಿದ್ದರು. ಹಾಗಾಗಿ ಅವರು ಓದಿದ್ದು ನನ್ನ ಕಷ್ಟವನ್ನಲ್ಲ. ಈ ಊರಲ್ಲಿ ಬಾಡಿಗೆ ಮನೆ ಹುಡುಕುವಾಗೆಲ್ಲ "ನೀವು ನಾನ್‌ವೆಜ್ಜಾ?" ಅಂತ ಕೇಳಿಸಿಕೊಂಡವರು ಅವರು. ನನ್ನ ಒಂದು ಸಾಲಿನಲ್ಲಿ ಆ ಪ್ರಶ್ನೆಯೇ ಮತ್ತೆ ಕೇಳಿಸಿರಬೇಕು.

ನಾನು ಮಲಗಿದ ಮೇಲೆ ಗ್ರೂಪಿನ ಮಾತು ನನ್ನ ಕೈ ಮೀರಿ ಹೋಗಿತ್ತು. ಒಬ್ಬರು "ಮೊದಲೇ ಹೇಳಿದ್ದೆ, ವೆಜ್‌ನವರಿಗೆ ಮಾತ್ರ ಬಾಡಿಗೆ ಕೊಡಿ ಅಂತ" ಎಂದು ಬರೆದಿದ್ದರು. ಇನ್ನೊಬ್ಬರು ಮೂಗು ಮುಚ್ಚಿಕೊಂಡ ಚಿತ್ರ ಹಾಕಿದ್ದರು. ಬೆಳಗ್ಗೆ ಎದ್ದು ನೋಡುವಷ್ಟರಲ್ಲಿ ಯಾರೋ ನನ್ನ ಮೆಸೇಜನ್ನು ಆ ಮನೆಯ ಓನರ್‌ಗೆ ಕಳಿಸಿಯೂ ಆಗಿತ್ತು.

ಸಂಜೆ ಕೆಳಗಿಳಿದು ಹೋದೆ. ಬಾಗಿಲು ತೆರೆದರು, ಕೈಯಲ್ಲಿ ಸೌಟಿತ್ತು. ಯಾವಾಗಲೂ "ಬನ್ನಿ, ಒಳಗೆ ಬನ್ನಿ" ಅನ್ನುತ್ತಿದ್ದವರು ಹೊಸ್ತಿಲಲ್ಲೇ ನಿಂತರು. "ನೀವು ಬಂದು ಒಂದು ಮಾತು ಹೇಳ್ಬಹುದಿತ್ತಲ್ವಾ? ನಾನು ಬೇರೆ ಹೊತ್ತಿಗೆ ಮಾಡ್ತಿದ್ದೆ. ಅತ್ತೆ ಈಗ ಗಂಜಿಗೆ ಬರೀ ಉಪ್ಪಿನಕಾಯಿ ಹಾಕ್ಕೊಳ್ತಾರೆ" ಅಂದರು. ತಪ್ಪಾಯ್ತು ಅಕ್ಕ ಅಂದೆ. "ಇರ್ಲಿ" ಅಂದರು, ಅಷ್ಟೇ. ಸೆಪ್ಟೆಂಬರ್‌ನಲ್ಲಿ ಅವರು ಮನೆ ಖಾಲಿ ಮಾಡಿದರು. ನಮ್ಮ ಕೀ ಒಂದು ಕವರಿನಲ್ಲಿ ವಾಚ್‌ಮನ್ ಕೈಗೆ ಬಂದಿತ್ತು. ಕೆಂಪು ದಾರ ಹಾಗೇ ಇತ್ತು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಆ ಮನೆಗೆ ಆಮೇಲೆ ಬಂದವರು ಪೂರ್ತಿ ಸಸ್ಯಾಹಾರಿಗಳು. ಆದರೂ ಅವರ ಇಂಗಿನ ಒಗ್ಗರಣೆ, ಬೆಳ್ಳುಳ್ಳಿ, ಮಜ್ಜಿಗೆ ಮೆಣಸಿನಕಾಯಿ ಕರಿಯುವ ಘಾಟು ಎಲ್ಲವೂ ನಮ್ಮ ಮಲಗುವ ಕೋಣೆಗೆ ಬರುತ್ತಿತ್ತು. ನವೆಂಬರ್‌ನಲ್ಲಿ ಎಕ್ಸಾಸ್ಟ್ ಫ್ಯಾನ್ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್‌ಗೆ ಸುಮ್ನೆ ಇದನ್ನು ಹೇಳಿದೆ. ಅವರು ದೇವರ ಮನೆಯಿಂದ ಒಂದು ಊದುಬತ್ತಿ ಕೇಳಿ ಹಚ್ಚಿಕೊಂಡು, ಅಡುಗೆಮನೆ ಫ್ಯಾನ್ ಹಾಕಿಸಿ, ಬಾತ್‌ರೂಮಿನ ವೆಂಟಿಲೇಟರ್ ಹತ್ತಿರ ಹಿಡಿದರು. ಹೊಗೆ ಹೊರಗೆ ಹೋಗಲಿಲ್ಲ. ಮಡಚಿಕೊಂಡು ಸೀದಾ ಒಳಗೆ ಬಂತು. "ಮೇಡಂ, ವಾಸನೆ ಅವರು ಕಳಿಸ್ತಿಲ್ಲ, ನಿಮ್ಮ ಫ್ಯಾನೇ ಎಳೀತಾ ಇದೆ" ಅಂದರು.

ಆಗಿದ್ದು ಇಷ್ಟು. ಎಲ್ಲ ಮನೆಗಳ ಬಾತ್‌ರೂಮ್ ವೆಂಟಿಲೇಟರ್ ತೆರೆಯುವುದು ಪೈಪ್‌ಗಳು ಇಳಿಯುವ ಶಾಫ್ಟಿಗೆ. ಕೆಳಗಿನ ಮನೆಯ ಅಡುಗೆ ಹೊಗೆ ಹೋಗುತ್ತಿದ್ದದ್ದೂ ಅಲ್ಲಿಗೇ. ಬಿಸಿ ಗಾಳಿ ಮೇಲೇರುತ್ತೆ, ಹಾಗಾಗಿ ಮೇಲಿನ ಮನೆಗೆ ಜಾಸ್ತಿ. ಇನ್ನು ಫ್ಯಾನ್ ಎಷ್ಟು ಗಾಳಿ ಹೊರಗೆ ತಳ್ಳುತ್ತದೋ ಅಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ನಾನು ವಾಸನೆ ಅಂತ ಕಿಟಕಿಯೆಲ್ಲ ಮುಚ್ಚಿ ಫ್ಯಾನ್ ಹಾಕುತ್ತಿದ್ದೆ. ಉಳಿದ ದಾರಿ ಶಾಫ್ಟ್ ಒಂದೇ. ನೀವೂ ಈಗ ಮಾಡುತ್ತಿರುವುದು ಇದನ್ನೇ ಅಲ್ವಾ?

ಹಾಗಾಗಿ ಮೊದಲು ಬಾಲ್ಕನಿ ಬಾಗಿಲು ನಾಲ್ಕು ಬೆರಳು ತೆರೆದಿಟ್ಟು, ಆಮೇಲೆ ಫ್ಯಾನ್ ಹಾಕಿ. ಅವರು ಅಡುಗೆ ಮಾಡುವ ಹೊತ್ತಿಗೇ ಊದುಬತ್ತಿ ಹಿಡಿದು ನೋಡಿ: ವೆಂಟಿಲೇಟರ್, ಸಿಂಕ್ ಕೆಳಗೆ ಪೈಪ್ ಗೋಡೆಗೆ ಹೋಗುವ ಜಾಗ, ಮುಂಬಾಗಿಲಿನ ಅಡಿ. ನಮ್ಮ ಸಿಂಕ್ ಕೆಳಗೆ ಎರಡು ಬೆರಳು ಹೋಗುವಷ್ಟು ಸಂದು ಇತ್ತು, ಎಂ-ಸೀಲ್ ಹಾಕಿ ಮುಚ್ಚಿದೆ. ಬಳಸದ ಬಾತ್‌ರೂಮ್ ಇದ್ದರೆ ವಾರಕ್ಕೊಮ್ಮೆ ನೆಲದ ಜಾಲಿಗೆ ಒಂದು ಬಕೆಟ್ ನೀರು ಸುರಿಯಿರಿ. ಒಳಗಿನ ಟ್ರ್ಯಾಪ್‌ನಲ್ಲಿ, ಅಂದರೆ ವಾಸನೆ ತಡೆಯಲು ನೀರು ನಿಲ್ಲುವ ಭಾಗದಲ್ಲಿ, ನೀರು ಆರಿದರೆ ಅಲ್ಲಿಂದಲೂ ವಾಸನೆ ಬರುತ್ತೆ. ವೆಂಟಿಲೇಟರ್‌ಗೆ ಗಾಳಿ ಹೊರಗೆ ಮಾತ್ರ ಬಿಡುವ ಮುಚ್ಚಳದ ಸಣ್ಣ ಫ್ಯಾನ್ ಹಾಕಿಸಿದೆವು. ಅವತ್ತಿಂದ ಮಲಗುವ ಕೋಣೆಯಲ್ಲಿ ವಾಸನೆ ಇಲ್ಲ. ಒಣಮೀನಿಗೂ ಇಷ್ಟೇ ಸಾಕಿತ್ತು.

ಅಸೋಸಿಯೇಷನ್‌ಗೆ ಬರೆಯಲೇಬೇಕು ಅಂದರೆ ಶಾಫ್ಟ್ ಬಗ್ಗೆ ಬರೆಯಿರಿ, ಅಡುಗೆ ಹೊಗೆಗೆ ತಾರಸಿವರೆಗೆ ಬೇರೆ ಪೈಪ್ ಹಾಕಿಸಿ ಅಂತ ಕೇಳಿ. ಯಾರ ಮನೆಯಲ್ಲಿ ಏನು ಬೇಯಬೇಕು ಅನ್ನುವುದನ್ನು ಯಾವ ಸಮಿತಿಯೂ ತೀರ್ಮಾನಿಸಬಾರದು. ನೀವು ಸಸ್ಯಾಹಾರಿ ಅನ್ನುವುದು ಇಲ್ಲಿ ಕಾರಣವೇ ಅಲ್ಲ.

ಇಷ್ಟು ಮಾಡಿಯೂ ಆಗದಿದ್ದರೆ ಕೆಳಗಿಳಿದು ಹೋಗಿ ಬೆಲ್ ಒತ್ತಿ. ಊಟದ ಹೊತ್ತು ಬೇಡ, ಸಂಜೆ ಐದರ ಸುಮಾರಿಗೆ ಹೋಗಿ. ನಿಮಗೆ ಏನಾಗುತ್ತಿದೆ ಅನ್ನುವುದನ್ನು ಹೇಳಿ, ತಲೆನೋವಾದರೆ ತಲೆನೋವು, ಬಸುರಾದರೆ ಬಸುರು. ಎಷ್ಟು ಹೊತ್ತಿಗೆ ಹುರಿಯುತ್ತೀರಿ ಅಂತ ಕೇಳಿಕೊಂಡು ಬನ್ನಿ, ಆ ಅರ್ಧ ಗಂಟೆ ನಿಮ್ಮ ಫ್ಯಾನ್ ಆರಿಸಿಡಿ.