ಓದುಗರ ಪ್ರಶ್ನೆ: ಹದಿನಾರು ಪುಸ್ತಕಗಳ ಒಂದು ವರ್ಷ

ಪ್ರಶ್ನೆ: ನಮ್ಮ ಮಗಳಿಗೆ ಬರುವ ಜುಲೈಗೆ ನಾಲ್ಕು ವರ್ಷ ತುಂಬುತ್ತದೆ. ಕಳೆದ ವರ್ಷ ಮನೆಯ ಹತ್ತಿರದ ಒಂದು ನರ್ಸರಿಗೆ ಸೇರಿಸಿದ್ದೆವು. ಎರಡೇ ತಿಂಗಳಲ್ಲಿ ದಿನಕ್ಕೆ ನಾಲ್ಕು ಪುಟ ಹೋಂವರ್ಕ್ ಬರತೊಡಗಿತು. ಪೆನ್ಸಿಲ್ ಕಂಡರೆ ಮಗು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುವಂತಾಯಿತು, ಬಿಡಿಸಿಬಿಟ್ಟೆವು. ಅವಳಿಗೆ ಕಥೆಯೆಂದರೆ ಪ್ರಾಣ. ಆದ್ದರಿಂದ ಈ ಜೂನ್‌ನಿಂದ ಒಂದು ವರ್ಷ ಮನೆಯಲ್ಲಿಯೇ, ಕಥೆಪುಸ್ತಕಗಳನ್ನು ಆಧಾರವಾಗಿಟ್ಟುಕೊಂಡು ಕಲಿಸಬೇಕೆಂದಿದ್ದೇನೆ. ಅಂತರ್ಜಾಲದಲ್ಲಿ ಸಿಕ್ಕ ಮೂವತ್ತಾರು ವಾರಗಳ ಯೋಜನೆಯೊಂದನ್ನು ಪ್ರಿಂಟ್ ಮಾಡಿಸಿಕೊಂಡಿದ್ದೇನೆ. ಅದರಲ್ಲಿ ವಾರಕ್ಕೊಂದು ಇಂಗ್ಲಿಷ್ ಪುಸ್ತಕ, ದಿನಕ್ಕೆ ಐದು ಚಟುವಟಿಕೆಗಳಿವೆ. ಪುಸ್ತಕಗಳ ಬೆಲೆ ಕೂಡಿಸಿ ನೋಡಿ ಗಾಬರಿಯಾಯಿತು. ಎಲ್ಲವನ್ನೂ ಮೊದಲೇ ಹೇಗೆ ಅಣಿಗೊಳಿಸಲಿ? "ಸಾಲಿಗಿ ಹೋಗದಿದ್ರ ಕೂಸು ಹಿಂದ ಬೀಳ್ತದ" ಎಂದು ಅತ್ತೆಯವರು ದಿನವೂ ಹೇಳುತ್ತಾರೆ. ಮುಂದೆ ಒಂದನೇ ತರಗತಿಗೆ ಸೇರಿಸುವಾಗ ತೊಂದರೆಯಾದೀತೇ?
— ಒಬ್ಬ ತಾಯಿ, ಕಲಬುರಗಿ

ಉತ್ತರ: ಅತ್ತೆಯವರ ಆತಂಕಕ್ಕೆ ಮೊದಲು ಉತ್ತರ ಕೊಟ್ಟುಬಿಡೋಣ, ಏಕೆಂದರೆ ಅದು ತೀರದೆ ನಿಮ್ಮ ಮನೆಯಲ್ಲಿ ಈ ವರ್ಷ ನೆಮ್ಮದಿಯಿಂದ ಸಾಗಲಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಕಡ್ಡಾಯ ಶಿಕ್ಷಣವನ್ನು ಹೇಳಿರುವುದು 6ರಿಂದ 14 ವರ್ಷದ ಮಕ್ಕಳಿಗೆ. ನಾಲ್ಕು ವರ್ಷದ ಮಗುವನ್ನು ಶಾಲೆಗೆ ಕಳಿಸಲೇಬೇಕೆಂಬ ಕಟ್ಟಳೆ ಅದರಲ್ಲಿಲ್ಲ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ನಿಯಮ. 2025–26ನೇ ಸಾಲಿನಲ್ಲಿ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದುಂಟು, ಆದರೆ ಅಂಥ ಸಡಿಲಿಕೆಯನ್ನು ನಂಬಿ ಲೆಕ್ಕ ಹಾಕುವುದು ಬೇಡ. ಮೂಲ ನಿಯಮದಂತೆ ಹೋದರೆ, ಜುಲೈನಲ್ಲಿ ಹುಟ್ಟಿದ ನಿಮ್ಮ ಮಗಳು ಒಂದನೇ ತರಗತಿಗೆ ಹೋಗಲು ಈ ಜೂನ್‌ನಿಂದ ಇನ್ನೂ ಮೂರು ವರ್ಷ ಪೂರ್ತಿ ಇದೆ. ಮೂರರಲ್ಲಿ ಒಂದನ್ನು ಮನೆಯಲ್ಲಿ ಕಳೆದರೆ ಆಕೆ ಯಾರಿಗಿಂತಲೂ ಹಿಂದೆ ಬೀಳುವುದಿಲ್ಲ. ಜನನ ಪ್ರಮಾಣಪತ್ರವನ್ನೂ ಲಸಿಕೆಗಳನ್ನು ಬರೆದಿರುವ ತಾಯಿ ಕಾರ್ಡನ್ನೂ ಜೋಪಾನವಾಗಿ ಎತ್ತಿಡಿ.

ಇನ್ನು ಆ ಮೂವತ್ತಾರು ವಾರಗಳ ಹಾಳೆಗಳು. ಅವುಗಳ ಹಿಂಬದಿ ಖಾಲಿಯಿದ್ದರೆ ಮಗಳಿಗೆ ಬಣ್ಣ ಬಳಿಯಲು ಕೊಡಿ. ಹಿಮ ಬೀಳುವ ಜನವರಿಯೂ ಎಲೆ ಉದುರುವ ಅಕ್ಟೋಬರ್ ಕೂಡ ಬೇರೆ ಯಾವುದೋ ದೇಶದ ಮಕ್ಕಳಿಗೆ ಕಿಟಕಿಯಾಚೆಗೆ ಕಾಣುವ ಸಂಗತಿಗಳು. ಚಿಕ್ಕ ಮಗುವಿಗೆ ಪುಸ್ತಕದಲ್ಲಿ ಕಂಡದ್ದು ಅದೇ ವಾರ ಅಂಗಳದಲ್ಲೋ ಅಡುಗೆಮನೆಯಲ್ಲೋ ಎದುರಾದಾಗ ಕಥೆ ನಾಟುತ್ತದೆ. ಆದ್ದರಿಂದ ನಿಮ್ಮ ಯೋಜನೆಯನ್ನು ವಾರಗಳ ಲೆಕ್ಕದಿಂದ ಆರಂಭಿಸದೆ ಕಲಬುರಗಿಯ ಮಳೆ, ಬೆಳೆ, ಹಬ್ಬಗಳಿಂದ ಆರಂಭಿಸಿ. ಗೋಡೆಯ ಮೇಲಿನ ಕ್ಯಾಲೆಂಡರನ್ನು ಇಳಿಸಿಕೊಂಡು ಕುಳಿತರೆ ಅರ್ಧ ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಜೂನ್‌ನಲ್ಲಿ ಕಾರಹುಣ್ಣಿಮೆ ಬರುತ್ತದೆ, ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಎತ್ತಿನ ಕಥೆಯೊಂದನ್ನೂ ಮಳೆಯ ಕಥೆಯೊಂದನ್ನೂ ಓದಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಎರೆಮಣ್ಣು ತಂದು ಹದ ಮಾಡಿ ಮಗು ತನ್ನ ಕೈಯಾರೆ ಒಂದು ಜೊತೆ ಎತ್ತು ಮಾಡಲಿ. ಅವು ಎಮ್ಮೆಯಂತೆ ಕಂಡರೂ ಕೋಡು ಮುರಿದರೂ ತಿದ್ದಲು ಹೋಗಬೇಡಿ. ಮಣ್ಣು ನಾದುವ ಬೆರಳೇ ಮುಂದೆ ಪೆನ್ಸಿಲ್ ಹಿಡಿಯುವ ಬೆರಳು; ನಿಮ್ಮ ಮಗಳ ಕೈಗೆ ಈಗ ಬೇಕಾಗಿರುವ ಅಭ್ಯಾಸ ಇದು, ಜೋಳದ ಹಿಟ್ಟಿನ ಮುದ್ದೆ ಕೊಟ್ಟು ಪುಟ್ಟ ರೊಟ್ಟಿ ಬಡಿಯಲು ಬಿಡುವುದೂ ಅದೇ. ಶ್ರಾವಣದಲ್ಲಿ ಪಂಚಮಿಯ ಜೋಕಾಲಿ, ಅಳ್ಳು, ಉಂಡಿ. ದೀಪಾವಳಿಯ ಹೊತ್ತಿಗೆ ಇರುಳಿನ ಕಥೆ, ಕತ್ತಲೆಗೆ ಅಂಜುವ ಮಗುವಿನ ಕಥೆ. ತೊಗರಿ ಹಳದಿ ಹೂ ಬಿಟ್ಟಾಗ ಒಮ್ಮೆ, ಕಾಯಿ ಬಲಿತಾಗ ಒಮ್ಮೆ ಒಂದೇ ಹೊಲಕ್ಕೆ ಕರೆದೊಯ್ದು ತೋರಿಸಿ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿರುವುದು ಮಗುವಿಗೆ ಬೇಡದ ಸಂಗತಿ, ತಾನು ಕಂಡ ಹೂವೇ ತನ್ನ ತಟ್ಟೆಯ ಬೇಳೆಯಾಯಿತೆಂಬುದು ಬೇಕಾದ ಸಂಗತಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಚರಗ, ಅಂದರೆ ಎಡೆಯ ಅಡುಗೆ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವ ದಿನದ ಹಿಂದೆ ಮುಂದೆ ಊಟದ ಕಥೆಗಳನ್ನೂ ಬೀಜದ ಕಥೆಗಳನ್ನೂ ಇಡಬಹುದು. ಹೋಳಿಯ ನಂತರ ಶರಣಬಸವೇಶ್ವರರ ಜಾತ್ರೆ. ತೇರು, ಬೆಂಡು-ಬತ್ತಾಸು, ಜನಜಂಗುಳಿಯಲ್ಲಿ ಕೈಬಿಟ್ಟುಹೋದ ಮಗುವಿನ ಕಥೆ. ಅಲ್ಲಿಗೆ ನಿಲ್ಲಿಸಿಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವಾಗ ಮಾಳಿಗೆಯ ಮೇಲೆ ಮಲಗಿ ಹೇಳುವ ರಾತ್ರಿಯ ಕಥೆಯೊಂದೇ ಸಾಕು.

ಜೂನ್‌ನಿಂದ ಮಾರ್ಚ್‌ವರೆಗೆ ಸುಮಾರು ನಲವತ್ತು ವಾರ ಸಿಗುತ್ತವೆ. ಹಬ್ಬ, ಮದುವೆ, ಜ್ವರ, ತವರಿನ ಪ್ರಯಾಣಗಳಿಗೆಂದು ಎಂಟನ್ನು ಮೊದಲೇ ಕಳೆದುಬಿಡಿ. ಕಳೆಯದಿದ್ದರೂ ಅವು ತಾವಾಗಿಯೇ ಕಳೆದುಹೋಗುತ್ತವೆ. ಉಳಿದ ಮೂವತ್ತೆರಡಕ್ಕೆ ಎರಡು ವಾರಕ್ಕೊಂದರಂತೆ ಹದಿನಾರು ಪುಸ್ತಕ. ವಾರಕ್ಕೊಂದು ಏಕೆ ಬೇಡವೆಂದರೆ, ಮೊದಲ ವಾರ ಮಗು ಕಥೆಯನ್ನು ಕೇಳುತ್ತದೆ, ಎರಡನೆಯ ವಾರ ಅದರೊಳಗೆ ಹೊಕ್ಕು ಮಾತಾಡತೊಡಗುತ್ತದೆ. ನಮಗೆ ಸಾಕೆನಿಸುವ ಹೊತ್ತಿಗೆ ಅದಕ್ಕೆ ರುಚಿ ಹತ್ತಿರುತ್ತದೆ.

ಹದಿನಾರರಲ್ಲಿ ಹನ್ನೆರಡನ್ನು ಮಾತ್ರ ಹೊರಗಿನಿಂದ ತನ್ನಿ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಕನ್ನಡದ ಚಿತ್ರಪುಸ್ತಕಗಳಿವೆ. ಪ್ರಥಮ್ ಬುಕ್ಸ್‌ನವರ ತೆಳು ಪುಸ್ತಕಗಳು ನೂರು ರೂಪಾಯಿಯೊಳಗೇ ಸಿಗುತ್ತವೆ. ಅವರದೇ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಮೊಬೈಲಿನಲ್ಲಿಯೇ ತೋರಿಸುವುದು ಬೇಡ, ಪುಟ ತಿರುವುವ ಸುಖ ಅದರಲ್ಲಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯದ ಮಕ್ಕಳ ವಿಭಾಗವನ್ನೂ ಒಮ್ಮೆ ನೋಡಿ ಬನ್ನಿ. ನಿಮ್ಮ ಅಕ್ಕತಂಗಿಯರ ಮಕ್ಕಳು ಹಳ್ಳಿಯಲ್ಲಿದ್ದರೆ, 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವವಿದೆ. ಅಕ್ಕನ ಕಾರ್ಡಿನಲ್ಲಿ ತಂಗಿಗೂ ಪುಸ್ತಕ ಬರುತ್ತದೆ. ಯಾವ ಪುಸ್ತಕವನ್ನೇ ಆಗಲಿ ಆರಿಸುವ ಮೊದಲು ನೀವೇ ಎರಡು ಬಾರಿ ಗಟ್ಟಿಯಾಗಿ ಓದಿ ನೋಡಿ. ಎರಡನೆಯ ಸಲಕ್ಕೇ ನಿಮಗೆ ಬೇಸರವಾದರೆ, ಎಷ್ಟೇ ಒಳ್ಳೆಯ ನೀತಿ ಅದರಲ್ಲಿದ್ದರೂ ಬಿಟ್ಟುಬಿಡಿ, ಇಪ್ಪತ್ತನೆಯ ಸಲವೂ ಓದಬೇಕಾದವರು ನೀವೇ.

ಉಳಿದ ನಾಲ್ಕು ಪುಸ್ತಕಗಳು ನಿಮ್ಮ ಅತ್ತೆಯವರ ಬಳಿ ಇವೆ. ನಾನಿದನ್ನು ಅವರನ್ನು ಒಲಿಸಿಕೊಳ್ಳುವ ಉಪಾಯವಾಗಿ ಹೇಳುತ್ತಿಲ್ಲ, ಹಾಗೆ ಒದಗಿದರೆ ಬೇಡವೆನ್ನುವುದೂ ಇಲ್ಲ. ಅವರು ಹೇಳುವ ಕಥೆಯನ್ನು ಅವರ ಮಾತಿನಲ್ಲಿಯೇ, 'ಎಲ್ಲದಾನ', 'ಹಿಂಗ್ಯಾಕ' ಎಂಬುದನ್ನು ತಿದ್ದದೆ, ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಪುಟಕ್ಕೆ ಎರಡೇ ಸಾಲು ಬರೆದು ಮೇಲೆ ಜಾಗ ಬಿಡಿ, ಚಿತ್ರ ಮಗಳದು. ನಡುವೆ ದಾರ ಹಾಕಿ ಹೊಲಿದರೆ ಪುಸ್ತಕವಾಯಿತು. ಆಯಿ ಬಾಯಲ್ಲಿ ಹೇಳಿದ್ದೇ ಹಾಳೆಯ ಮೇಲೆ ಕುಳಿತಿದೆ, ಅವ್ವ ಓದಿದರೆ ಅದೇ ಮಾತು ಮತ್ತೆ ಬರುತ್ತದೆ ಎಂಬುದನ್ನು ಕಂಡುಕೊಂಡ ಮಗುವಿಗೆ ಓದು ಎಂದರೇನೆಂದು ಬೇರೆ ಯಾರೂ ವಿವರಿಸಬೇಕಿಲ್ಲ. ಅಚ್ಚಾದ ಪುಸ್ತಕದಲ್ಲಿ 'ಅಜ್ಜ' ಎಂದಿರುತ್ತದೆ, ನಿಮ್ಮ ಮನೆಯಲ್ಲಿ 'ಮುತ್ಯಾ'. ಮೊದಲ ಓದಿನಲ್ಲಿ ಇದ್ದಂತೆಯೇ ಓದಿ, ಮುಚ್ಚಿಟ್ಟು ಹೇಳುವಾಗ ಮುತ್ಯಾನನ್ನೇ ಕರೆತನ್ನಿ. ಎರಡು ಕನ್ನಡಗಳ ನಡುವೆ ಓಡಾಡುವುದನ್ನು ನಮ್ಮ ಭಾಗದ ಮಕ್ಕಳು ಶಾಲೆಗೆ ಹೋದ ಮೇಲೆ ಹೇಗೂ ಕಲಿಯಬೇಕು, ಅದನ್ನು ಅವಮಾನವಿಲ್ಲದೆ ಕಲಿಯಲು ಅವ್ವನ ತೊಡೆಗಿಂತ ಒಳ್ಳೆಯ ಜಾಗವಿಲ್ಲ.

ಮೊದಲೇ ಅಣಿಗೊಳಿಸಬೇಕಾದದ್ದು ಇಷ್ಟೇ: ಹದಿನಾರರ ಹೆಸರು, ತಿಂಗಳು ಬರೆದ ಒಂದು ಹಾಳೆ, ಮೊದಲ ನಾಲ್ಕು ಪುಸ್ತಕಗಳಿಗೆ ಹಳೆಯ ಸೀರೆಯಲ್ಲಿ ಹೊಲಿದ ಒಂದೊಂದು ಕೈಚೀಲ, ಒಂದು ನೋಟ್‌ಬುಕ್. ಎತ್ತಿನ ಕಥೆಯ ಚೀಲದಲ್ಲಿ ಪುಸ್ತಕದ ಜೊತೆ ಒಂದು ಗೆಜ್ಜೆ, ಬಣ್ಣದ ದಾರ, ಹಗ್ಗದ ತುಂಡು ಇದ್ದರೆ ಸಾಕು. ಹದಿನಾರು ಚೀಲಗಳನ್ನೂ ಈಗಲೇ ತುಂಬಬೇಡಿ. ಜೂನ್‌ನಲ್ಲಿ ಇದ್ದಂತೆಯೇ ಮಗು ಡಿಸೆಂಬರ್‌ನಲ್ಲಿ ಇರುವುದಿಲ್ಲ, ಅಷ್ಟರಲ್ಲಿ ಅವಳ ಮಾತು, ಅಂಜಿಕೆ, ಹಟ ಎಲ್ಲವೂ ಬದಲಾಗಿರುತ್ತವೆ. ನೋಟ್‌ಬುಕ್ಕಿನ ಬಲಪುಟದಲ್ಲಿ ನೀವು ಅಂದುಕೊಂಡದ್ದನ್ನೂ ಎಡಪುಟದಲ್ಲಿ ನಿಜವಾಗಿ ನಡೆದದ್ದನ್ನೂ ಬರೆಯಿರಿ. ಮುಂದಿನ ನಾಲ್ಕು ಚೀಲಗಳನ್ನು ಎಡಪುಟ ನೋಡಿ ತುಂಬಿ.

ದಿನಕ್ಕೆ ಬೆಳಿಗ್ಗೆ ಹದಿನೈದು ಇಪ್ಪತ್ತು ನಿಮಿಷ ಓದು, ಆಮೇಲೆ ಆ ಕಥೆಗೆ ತಕ್ಕ ಒಂದು ಕೆಲಸ. ಐದು ಚಟುವಟಿಕೆಗಳು ಬೇಡ. ತೊಗರಿ, ಹೆಸರು, ಕಡಲೆ ಕಲಸಿ ಕೊಟ್ಟು ಬೇರೆ ಮಾಡಿಸಿದರೆ ಲೆಕ್ಕವೂ ಆಯಿತು, ಬೆರಳಿಗೆ ಕೆಲಸವೂ ಆಯಿತು. ಆದರೆ ಪಕ್ಕದಲ್ಲಿಯೇ ಕುಳಿತಿರಿ, ಕಾಳನ್ನು ಮೂಗಿಗೆ ತುರುಕಿಕೊಂಡು ಆಸ್ಪತ್ರೆಗೆ ಬರುವ ಮಕ್ಕಳು ಕಡಿಮೆಯಿಲ್ಲ. ಜೊತೆಗಾರರು ಬೇಕೆನ್ನಿಸಿದಾಗ ಓಣಿಯ ಮಕ್ಕಳನ್ನು ವಾರಕ್ಕೊಂದು ಸಂಜೆ ಕಟ್ಟೆಯ ಮೇಲೆ ಕೂರಿಸಿಕೊಂಡು ಅದೇ ಕಥೆ ಹೇಳಿ. ಅಂಗನವಾಡಿಯ ನಂಟನ್ನೂ ಬಿಡಬೇಡಿ. ತೂಕ, ಎತ್ತರ, ಲಸಿಕೆಯ ಲೆಕ್ಕ ಅಲ್ಲಿದೆ, 'ಚಿಲಿಪಿಲಿ' ಪಠ್ಯಕ್ರಮದ ಹಾಡು-ಆಟಗಳಿಂದ ನಿಮಗೂ ಕಲಿಯಲು ಇದೆ.

ಅಕ್ಷರದ ಮಾತನ್ನು ನೀವು ಕೇಳಿಲ್ಲ, ಆದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ದೀಪಾವಳಿಯವರೆಗೆ ಅದರ ಗೋಜು ಬೇಡ. ಆಮೇಲೆ ಮಗಳೇ ಪುಸ್ತಕದ ಹೆಸರಿಗೆ ಬೆರಳಿಟ್ಟು ಇದೇನೆಂದು ಕೇಳಿದರೆ, ಅ ಆ ಇ ಈ ಎಂದು ಸಾಲಾಗಿ ಹೋಗದೆ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ನಲಿಕಲಿಯ ಕ್ರಮವನ್ನು ಹಿಡಿಯಿರಿ: ರ, ಗ, ಸ, ದ, ಅ. ಬರೆಯಲು ಸುಲಭವಾದ, ಒಂದನ್ನೊಂದು ಹೋಲುವ ಆಕಾರಗಳಿವು. ಈ ಐದೇ ಅಕ್ಷರಗಳಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲವೂ ಸಿಗುತ್ತವೆ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬೆರಳಾಡಿಸಿದರೆ ಸಾಕು. ಪೆನ್ಸಿಲನ್ನು ಮಾತ್ರ ಅವಳು ಕೇಳುವವರೆಗೆ ಡಬ್ಬಿಯಲ್ಲಿಯೇ ಬಿಡಿ.

ಪ್ರಶ್ನೆ: ನನ್ನ ಮೂರೂವರೆ ವರ್ಷದ ಮಗ ಒಂದೇ ಪುಸ್ತಕವನ್ನು ಪ್ರತಿ ರಾತ್ರಿ ಓದಿಸುತ್ತಾನೆ. ಹೊಸದನ್ನು ತೆಗೆದರೆ ಮಂಚದ ಕೆಳಗೆ ಎಸೆಯುತ್ತಾನೆ. ವರ್ಷಕ್ಕೆಂದು ತಂದಿಟ್ಟ ಪುಸ್ತಕಗಳೆಲ್ಲ ಹಾಗೆಯೇ ಉಳಿದಿವೆ.
— ಒಬ್ಬ ತಂದೆ, ಬೀದರ

ಉತ್ತರ: ಎಲ್ಲವನ್ನೂ ಒಮ್ಮೆಲೇ ಕಪಾಟಿನಲ್ಲಿ ಜೋಡಿಸಿಟ್ಟಿದ್ದೀರೆಂದು ತೋರುತ್ತದೆ. ಮೂರನ್ನು ಮಾತ್ರ ಕೈಗೆ ಸಿಗುವಂತಿಟ್ಟು ಉಳಿದವನ್ನು ಟ್ರಂಕಿಗೆ ಹಾಕಿ. ಆ ಒಂದು ಪುಸ್ತಕವನ್ನು ಅವನು ಕೇಳಿದಷ್ಟು ದಿನ ಓದಿ. ಯಾವ ಪುಟದ ನಂತರ ಏನು ಬರುತ್ತದೆಂದು ಮೊದಲೇ ತಿಳಿದಿರುವ ಧೈರ್ಯ ಅವನಿಗೆ ಬೇಕಾಗಿದೆ. ಎಂಟು ಹತ್ತು ದಿನವಾದ ಮೇಲೆ ಪರಿಚಿತ ವಾಕ್ಯದ ಕೊನೆಯ ಪದವನ್ನು ನುಂಗಿ ಸುಮ್ಮನಾಗಿ ನೋಡಿ, ಅವನು ಅದನ್ನು ತುಂಬುತ್ತಾನೆ. ಬೇಕೆಂದೇ ಒಂದು ಪದವನ್ನು ತಪ್ಪಾಗಿ ಓದಿದರೆ ನಿಮ್ಮನ್ನು ಗದರಿಸಿ ತಿದ್ದುತ್ತಾನೆ. ಹೊಸ ಪುಸ್ತಕವನ್ನು ರಾತ್ರಿ ತೆಗೆಯದೆ ಹಗಲಿನಲ್ಲಿ, ಅವನನ್ನು ಕರೆಯದೆ, ನೀವೊಬ್ಬರೇ ಕುಳಿತು ಗಟ್ಟಿಯಾಗಿ ಓದಿಕೊಳ್ಳಿ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಭುಜದ ಹಿಂದೆ ಉಸಿರು ಕೇಳಿಸೀತು.

ಪ್ರಶ್ನೆ: ನಮ್ಮದು ಲಂಬಾಣಿ ಮನೆಮಾತು. ಪುಸ್ತಕಗಳೆಲ್ಲ ಕನ್ನಡದಲ್ಲಿವೆ. ಮಗುವಿಗೆ ಗೊಂದಲವಾಗುತ್ತದೆಂದು ಮನೆಯಲ್ಲಿಯೂ ಕನ್ನಡವನ್ನೇ ಆಡಬೇಕೆ?
— ಒಬ್ಬ ತಾಯಿ, ಯಾದಗಿರಿ

ಉತ್ತರ: ಖಂಡಿತ ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ವಯಸ್ಸಿಗೆ ಮನೆಮಾತಿನ ಕಲಿಕೆಯನ್ನೇ ಎತ್ತಿಹಿಡಿಯುತ್ತದೆ. ಯೋಜನೆ ಹಾಕುವಾಗ ಮೊದಲ ಎರಡು ತಿಂಗಳಿಗೆ ಮಾತೇ ಇಲ್ಲದ, ಬರೀ ಚಿತ್ರಗಳಿರುವ ಪುಸ್ತಕಗಳನ್ನು ಆರಿಸಿ ಅವುಗಳ ಕಥೆಯನ್ನು ಲಂಬಾಣಿಯಲ್ಲಿಯೇ ಕಟ್ಟಿ ಹೇಳಿ. ಆಮೇಲೆ ಪುಟಕ್ಕೊಂದು ಸಾಲಿರುವ ಕನ್ನಡ ಪುಸ್ತಕ ತೆಗೆದುಕೊಂಡು, ಮೊದಲ ದಿನ ಕಥೆಯನ್ನು ನಿಮ್ಮ ಮಾತಿನಲ್ಲಿ ಹೇಳಿ ಮುಗಿಸಿ, ಮರುದಿನ ಕನ್ನಡದಲ್ಲಿ ಓದಿ. ಕಥೆ ಮೊದಲೇ ಗೊತ್ತಿರುವುದರಿಂದ ಕನ್ನಡದ ಪದಗಳ ಅರ್ಥವನ್ನು ಮಗು ಚಿತ್ರ ನೋಡಿಯೇ ಊಹಿಸಿಕೊಳ್ಳುತ್ತದೆ. ತಾಂಡಾದ ಹಿರಿಯರ ಹಾಡು, ಒಗಟುಗಳಿಗೂ ನಿಮ್ಮ ಪಟ್ಟಿಯಲ್ಲಿ ಜಾಗವಿರಲಿ. ಅವನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಮಗು ಓದಲು ಕಲಿತ ದಿನ ಅದಕ್ಕೆ ತನ್ನದೇ ಮಾತಿನ ಪುಸ್ತಕವೂ ಕೈಗೆ ಸಿಗುತ್ತದೆ.