ಸಿಸಿನೋ ಬಿಸಿಸಿನೋ? ಹೊಸ ಸೆಕ್ರೆಟರಿಯ ಪೇಚಾಟ

ಪ್ರಶ್ನೆ: ಸರ್, ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೆ ಹೊಸದಾಗಿ ಸೆಕ್ರೆಟರಿ ಆಗಿದೀನಿ. ಸಂಪ್ ಕ್ಲೀನಿಂಗ್ ಬಗ್ಗೆ 64 ಮನೆಯವ್ರಿಗೂ ಒಂದೇ ಮೇಲ್ ಹಾಕ್ದೆ, ಎಲ್ರ ಐಡಿನೂ ಟೂನಲ್ಲಿ. ಒಬ್ರು 'ಓಕೆ' ಅಂತ ರಿಪ್ಲೈ ಆಲ್ ಒತ್ತಿದ್ರು, ಸಂಜೆವರೆಗೂ ಎಲ್ರ ಫೋನೂ ಟಣ್ ಟಣ್. ಇನ್ನೊಬ್ರು ನನ್ನ ಐಡಿ ಊರಿಗೆಲ್ಲ ಯಾಕೆ ಹಂಚಿದ್ರಿ ಅಂತ ಜಗಳಕ್ಕೇ ಬಂದ್ರು. ಸಿಸಿನಲ್ಲಿ ಹಾಕಿದ್ರೆ ಸರಿಹೋಗ್ತಿತ್ತಾ? ಬಿಸಿಸಿ ಅಂದ್ರೆ ಕದ್ದು ಕಳ್ಸೋದಲ್ವಾ?

ಉತ್ತರ: ಸಿಸಿನಲ್ಲಿ ಹಾಕಿದ್ರೂ ಇದೇ ರಾಮಾಯಣ ಆಗ್ತಿತ್ತು. ಟೂ, ಸಿಸಿ ಎರಡ್ರಲ್ಲೂ ಇರೋ ಐಡಿಗಳು ಎಲ್ರಿಗೂ ಕಾಣ್ತವೆ, ಮೇಲೂ ಒಂದೇ ಥರ ತಲುಪುತ್ತೆ, ಬೇರೆ ಆಗೋದು ಅರ್ಥ ಮಾತ್ರ. ಲಿಫ್ಟ್ ಕೆಟ್ಟಿದೆ ಅನ್ಕೊಳ್ಳಿ, ರಿಪೇರಿಯವ್ರು ಟೂನಲ್ಲಿ, ಅಂದ್ರೆ ಕೆಲಸ ಅವ್ರದು, ಉತ್ತರಾನೂ ಅವ್ರೇ ಕೊಡ್ಬೇಕು. ಪ್ರೆಸಿಡೆಂಟು, ಟ್ರೆಷರರ್ರು ಸಿಸಿನಲ್ಲಿ, ಅವ್ರಿಗೆ ಗೊತ್ತಿದ್ರೆ ಸಾಕು. ಸರ್ಕಾರಿ ಪತ್ರದ ಕೆಳಗೆ 'ಪ್ರತಿ, ಮಾಹಿತಿಗಾಗಿ' ಅಂತ ಬರೀತಾರಲ್ಲ, ಅದೇ ಇದು. ಟೈಪ್‌ರೈಟರ್‌ಗೆ ಎರಡು ಹಾಳೆ ಮಧ್ಯೆ ಕಾರ್ಬನ್ ಪೇಪರ್ ಇಟ್ಟು ತೆಗೀತಿದ್ದ ಪ್ರತಿನೇ ಸಿಸಿ, ಕಾರ್ಬನ್ ಕಾಪಿ.

ನಿಮ್ಗೆ ಬೇಕಿದ್ದಿದ್ದು ಬಿಸಿಸಿ, ಬ್ಲೈಂಡ್ ಕಾರ್ಬನ್ ಕಾಪಿ, ಅಂದ್ರೆ ಇದ್ರಲ್ಲಿ ಹಾಕಿದ ಐಡಿ ಮೇಲ್ ಬಂದ ಬೇರೆಯವ್ರಿಗೆ ಕಾಣಲ್ಲ. ಕದ್ದು ಕಳ್ಸೋದು ಅಂತೇನಿಲ್ಲ, 1982ರ ಆರ್‌ಎಫ್‌ಸಿ 822 ಅನ್ನೋ ಮೇಲ್ ನಿಯಮದಲ್ಲೇ ಟೂ, ಸಿಸಿ ಜೊತೆ ಇದೂ ಇತ್ತು. ಮೇಲ್ ಸರ್ವರ್ ಪೋಸ್ಟ್‌ಮ್ಯಾನ್ ಇದ್ದಂಗೆ, ಕವರ್ ಮೇಲಿನ ವಿಳಾಸ ನೋಡಿ ತಲುಪಿಸುತ್ತೆ, ಒಳಗಿನ ಕಾಗದದಲ್ಲಿ ಯಾರ ಹೆಸ್ರಿದೆ ಅನ್ನೋದು ಅದಕ್ಕೆ ಬೇಕಿಲ್ಲ. ಬಿಸಿಸಿಯವ್ರ ಐಡಿ ಕವರ್ ಮೇಲಿರುತ್ತೆ, ಕಾಗದದಲ್ಲಿ ಇರಲ್ಲ, ಅಷ್ಟೇ. ಟೂನಲ್ಲಿ ಅಸೋಸಿಯೇಷನ್ ಐಡಿ, ಬಿಸಿಸಿನಲ್ಲಿ 64 ಮನೆ. ಆಮೇಲೆ ಯಾರಾದ್ರೂ ರಿಪ್ಲೈ ಆಲ್ ಒತ್ತಿದ್ರೂ ನಿಮ್ಮ ಹತ್ರ ಬಂದು ನಿಂತುಬಿಡುತ್ತೆ, ಪಕ್ಕದ ಮನೆಯವ್ರಿಗೆ ಹೋಗಲ್ಲ. ಜಿಮೇಲ್‌ನಲ್ಲಿ ಟೂ ಸಾಲಿನ ಬಲತುದೀಲಿ ಬಿಸಿಸಿ ಸಿಗುತ್ತೆ, ಕಂಪ್ಯೂಟರ್‌ನಲ್ಲಾದ್ರೆ ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿ. ಫ್ರೀ ಅಕೌಂಟಿಗೆ ದಿನಕ್ಕೆ 500 ಜನದ ಮಿತಿ ಇದೆ, ನಿಮ್ಗೆ ತೊಂದ್ರೆ ಇಲ್ಲ.

ಆದ್ರೆ ಇಬ್ರ ಮಾತಿನ ಮಧ್ಯೆ ಮೂರನೆಯವ್ರನ್ನ ಬಿಸಿಸಿಲಿ ಕೂರ್ಸೋಕೆ ಮಾತ್ರ ಹೋಗ್ಬೇಡಿ. ನಾನು ಒಂದ್ಸಲ ಸಪ್ಲೈಯರ್ ಒಬ್ರಿಗೆ ಸ್ವಲ್ಪ ಖಾರವಾಗೇ ಬರ್ದು ನಮ್ಮ ಮ್ಯಾನೇಜರನ್ನ ಬಿಸಿಸಿಲಿ ಹಾಕಿದ್ದೆ, ಅವ್ರು ನೋಡ್ದೆ ರಿಪ್ಲೈ ಆಲ್ ಒತ್ತಿ 'ಸರಿಯಾಗೇ ಬರ್ದಿದೀರ' ಅಂತ ಹೊಗಳಿಬಿಟ್ರು, ಆ ಸಪ್ಲೈಯರ್ರಿಗೂ ಹೋಯ್ತು. ಅಂಥ ಕಡೆ ಮೇಲ್ ಕಳ್ಸಿ ಆಮೇಲೆ ಸೆಂಟ್‌ನಿಂದ ಫಾರ್ವರ್ಡ್ ಮಾಡಿ.

ಇನ್ನೊಂದು, ಸಾರಿ ಹೇಳೋಕೆ ಹಳೇ ಮೇಲ್‌ಗೇ ರಿಪ್ಲೈ ಆಲ್ ಒತ್ತಬೇಡಿ ಸೆಕ್ರೆಟರಿಗಳೇ, ಆ 64 ಐಡಿನೂ ಮತ್ತೆ ಹೊರಟುಬಿಡ್ತವೆ. ಹೊಸ ಮೇಲ್ ತೆಗೀರಿ.