ತಡೆಯುವುದೂ ಆಟವೇ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಬಾಲ್ಟಿಮೋರ್ ರೇವನ್ಸ್ ತಂಡದ 2000ನೇ ಇಸವಿಯ ಋತುವನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಶಿವಮೊಗ್ಗದಿಂದ ಮೇರಿಲ್ಯಾಂಡಿನ ಮಗಳ ಮನೆಗೆ ಹೋದವರು ಅಲ್ಲಿ ಮೊಮ್ಮಗನ ಪಕ್ಕದಲ್ಲಿ ಕುಳಿತು ಅಮೆರಿಕನ್ ಫುಟ್‌ಬಾಲ್ ನೋಡುವುದನ್ನು ಕಲಿತಿದ್ದೀರಿ. ಕಲಿತದ್ದನ್ನು ಮುಂದಿಟ್ಟುಕೊಂಡು ನಮ್ಮನ್ನು ಗಟ್ಟಿಯಾಗಿಯೇ ಪ್ರಶ್ನಿಸಿದ್ದೀರಿ. ಸತತ ಐದು ಪಂದ್ಯಗಳಲ್ಲಿ ಒಂದೇ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಡೆಯುವ ಆರು ಅಂಕ) ಗಳಿಸಲಾರದ ತಂಡವನ್ನು ಶ್ರೇಷ್ಠವೆಂದು ಬಣ್ಣಿಸಿದ್ದು ಹೇಗೆ, ಎದುರಾಳಿಗೆ ಆಡಗೊಡದೆ ಗೆಲ್ಲುವುದು ಆಟವನ್ನು ಕೆಡಿಸಿದಂತಲ್ಲವೇ, ಟೆನ್ನೆಸ್ಸಿ ತಂಡದವರ ಒದೆತವೊಂದು ಗುರಿ ತಪ್ಪದಿದ್ದರೆ ಈ ಕಥೆಯೇ ಇರುತ್ತಿತ್ತೇ ಎಂಬವು ತಮ್ಮ ಮೂರು ಆಕ್ಷೇಪಗಳು. ಕೊನೆಯಲ್ಲಿ, ಆ ಋತುವಿನ ಒಂದೇ ಒಂದು ಪಂದ್ಯವನ್ನು ಮೊಮ್ಮಗನೊಡನೆ ನೋಡುವುದಾದರೆ ಯಾವುದನ್ನು ಆರಿಸಬೇಕೆಂದೂ ಕೇಳಿದ್ದೀರಿ.

ಉತ್ತರಕ್ಕೆ ಮೊದಲು ಒಂದು ತಿದ್ದುಪಡಿ. ಆ ವರ್ಷ ಎದುರಾಳಿಗಳಿಗೆ ಅತಿ ಕಡಿಮೆ ದೂರ ಬಿಟ್ಟುಕೊಟ್ಟ ತಂಡವೂ ರೇವನ್ಸ್ ಎಂದು ನಮ್ಮ ಲೇಖನದಲ್ಲಿ ಅಚ್ಚಾಗಿತ್ತು. ಅದು ತಪ್ಪು. ಗಜಗಳ ಲೆಕ್ಕದಲ್ಲಿ ಮೊದಲ ಸ್ಥಾನ ಟೆನ್ನೆಸ್ಸಿ ಟೈಟನ್ಸ್ ತಂಡದ್ದು, ರೇವನ್ಸ್ ಎರಡನೆಯದು. ರೇವನ್ಸ್ ದಾಖಲೆ ಇರುವುದು ಅಂಕಗಳಲ್ಲಿ: 16 ಪಂದ್ಯಗಳಲ್ಲಿ ಅವರು ಬಿಟ್ಟುಕೊಟ್ಟದ್ದು 165 ಅಂಕ. ಅದಕ್ಕೆ ಮೊದಲು 16 ಪಂದ್ಯಗಳ ಋತುವಿನ ದಾಖಲೆ 1986ರ ಶಿಕಾಗೊ ಬೇರ್ಸ್ ತಂಡದ 187 ಆಗಿತ್ತು. ಈ ವ್ಯತ್ಯಾಸ ಸಣ್ಣದೆಂದು ನಾವು ಭಾವಿಸುವುದಿಲ್ಲ. ಮೈದಾನದ ನಡುವೆ ಎದುರಾಳಿಗೆ ನಾಲ್ಕು ಹೆಜ್ಜೆ ಬಿಟ್ಟರೂ ಗೆರೆ ದಾಟುವ ಹೊತ್ತಿಗೆ ಕೈ ಬಿಗಿ ಮಾಡಿದವರು ಅವರು. ನಮ್ಮ ತಪ್ಪು ಸಾಲು ಆ ಗುಣವನ್ನೇ ಮರೆಮಾಡಿತ್ತು.

ಈಗ ತಮ್ಮ ಮೊದಲ ಆಕ್ಷೇಪ. ಅಕ್ಟೋಬರ್ ತಿಂಗಳ ಐದು ಪಂದ್ಯಗಳನ್ನು ತಾವು ಆ ತಂಡದ ಕಳಂಕವೆಂದು ಎಣಿಸಿದ್ದೀರಿ. ನಾನು ಆ ಋತುವನ್ನು ಮೆಚ್ಚುವುದು ಮುಖ್ಯವಾಗಿ ಆ ತಿಂಗಳಿಗಾಗಿ. ಲೆಕ್ಕವನ್ನು ಒಮ್ಮೆ ನೋಡೋಣ. ಕ್ಲೀವ್‌ಲ್ಯಾಂಡ್ ವಿರುದ್ಧ 12-0, ಜ್ಯಾಕ್ಸನ್‌ವಿಲ್ ವಿರುದ್ಧ 15-10, ಎರಡೂ ಗೆಲುವು. ಅನಂತರ ವಾಷಿಂಗ್ಟನ್ ವಿರುದ್ಧ 3-10, ಟೆನ್ನೆಸ್ಸಿ ವಿರುದ್ಧ 6-14, ಪಿಟ್ಸ್‌ಬರ್ಗ್ ವಿರುದ್ಧ 6-9, ಮೂರೂ ಸೋಲು. ಈ ಐದು ಪಂದ್ಯಗಳಲ್ಲಿ ಬಾಲ್ಟಿಮೋರ್ ಗಳಿಸಿದ 42 ಅಂಕಗಳೂ ಮ್ಯಾಟ್ ಸ್ಟೋವರ್ ಎಂಬ ಒಬ್ಬನೇ ಕಿಕ್ಕರ್‌ನ ಕಾಲಿನಿಂದ, ಮೂರು ಮೂರಾಗಿ, ಫೀಲ್ಡ್ ಗೋಲ್‌ಗಳ (ಗೋಲುಕಂಬಗಳ ನಡುವೆ ಚೆಂಡು ಹಾಯಿಸುವ ಒದೆತಗಳ) ರೂಪದಲ್ಲಿ ಬಂದವು. ಎದುರಾಳಿಗಳಿಗೆ ಸಿಕ್ಕಿದ್ದು ಒಟ್ಟು 43. ಒಂದು ತಿಂಗಳ ಕಾಲ ಟಚ್‌ಡೌನೇ ಇಲ್ಲದ ತಂಡವೊಂದು ಐವರು ಎದುರಾಳಿಗಳೊಡನೆ ಹೆಚ್ಚುಕಡಿಮೆ ಸಮಸಮವಾಗಿ ನಿಂತಿತು ಎಂದರೆ, ಆ ಭಾರವನ್ನು ಯಾರು ಹೊತ್ತಿದ್ದರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಹೊತ್ತಿನಲ್ಲಿ ತಂಡಗಳು ಒಡೆಯುತ್ತವೆ. ನಾವು ದುಡಿದದ್ದನ್ನು ಅವರು ಕಳೆಯುತ್ತಿದ್ದಾರೆ ಎಂಬ ಮಾತು ಮೊದಲು ಮನಸ್ಸಿನಲ್ಲಿ ಹುಟ್ಟಿ, ಆಮೇಲೆ ಬಾಯಿಗೆ ಬರುತ್ತದೆ. ಬಾಲ್ಟಿಮೋರ್ ಒಡೆಯಲಿಲ್ಲ. ನವೆಂಬರ್ ಮೊದಲ ವಾರದಲ್ಲಿ ಸಿನ್ಸಿನಾಟಿಯನ್ನು 27-7ರಿಂದ ಸೋಲಿಸಿದ ಆ ತಂಡ ಅಲ್ಲಿಂದ ಮುಂದೆ ಒಂದು ಪಂದ್ಯವನ್ನೂ ಸೋಲದೆ, ಲೀಗ್‌ನ ಏಳು ಹಾಗೂ ಪ್ಲೇಆಫ್‌ನ (ಲೀಗ್ ನಂತರದ, ಸೋತವರು ಹೊರಬೀಳುವ ಸುತ್ತುಗಳ) ನಾಲ್ಕು ಸೇರಿ ಸತತ ಹನ್ನೊಂದು ಪಂದ್ಯಗಳನ್ನು ಗೆದ್ದು, 2001ರ ಜನವರಿ 28ರಂದು ಫ್ಲಾರಿಡಾದ ಟ್ಯಾಂಪಾದಲ್ಲಿ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು.

ಇಲ್ಲಿ ತರಬೇತುದಾರ ಬ್ರಯನ್ ಬಿಲಿಕ್ ಅವರ ಬಗ್ಗೆ ನಮ್ಮ ಲೇಖನ ಹೇಳದೆ ಬಿಟ್ಟ ಮಾತೊಂದನ್ನು ಹೇಳಬೇಕು. ಅವರು ಹೆಸರು ಮಾಡಿದ್ದು ದಾಳಿಯಲ್ಲಿ. 1998ರಲ್ಲಿ ಮಿನೆಸೋಟ ವೈಕಿಂಗ್ಸ್ 556 ಅಂಕ ಗಳಿಸಿ ಅಂದಿನ ದಾಖಲೆ ಬರೆದಾಗ ಆ ತಂಡದ ದಾಳಿ ವಿಭಾಗವನ್ನು ನಡೆಸುತ್ತಿದ್ದವರು ಅವರೇ. ಅಂಥವರು ಬಾಲ್ಟಿಮೋರ್‌ಗೆ ಬಂದ ಎರಡನೆಯ ವರ್ಷದಲ್ಲಿ, ತಮ್ಮ ಕೈಯಲ್ಲಿರುವ ತಂಡದ ಬಲ ತಮ್ಮ ವಿದ್ಯೆಯಲ್ಲಿ ಇಲ್ಲ, ಮಾರ್ವಿನ್ ಲೂಯಿಸ್ ನಡೆಸುತ್ತಿರುವ ರಕ್ಷಣಾ ವಿಭಾಗದಲ್ಲಿದೆ ಎಂದು ಒಪ್ಪಿಕೊಂಡರು. ಟೆನ್ನೆಸ್ಸಿ ಎದುರಿನ ಸೋಲಿನ ನಂತರ ಟೋನಿ ಬ್ಯಾಂಕ್ಸ್ ಅವರನ್ನು ಕೂರಿಸಿ ಟ್ರೆಂಟ್ ಡಿಲ್ಫರ್ ಅವರನ್ನು ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸುತ್ತ ಚೆಂಡು ಎಸೆಯುವ ಆಟಗಾರ) ಮಾಡಿದರು. ಆ ವರ್ಷವಷ್ಟೇ ತಂಡಕ್ಕೆ ಬಂದಿದ್ದ ಜಮಾಲ್ ಲೂಯಿಸ್ ಚೆಂಡು ಹಿಡಿದು ಓಡಿ 1,364 ಗಜ ಕ್ರಮಿಸಿದರು. ಚೆಂಡನ್ನು ಕಳೆದುಕೊಳ್ಳಬೇಡಿ, ಗಡಿಯಾರವನ್ನು ಓಡಿಸಿ, ಉಳಿದದ್ದನ್ನು ರಕ್ಷಣೆಯ ಹನ್ನೊಂದು ಜನ ನೋಡಿಕೊಳ್ಳುತ್ತಾರೆ ಎಂಬುದೇ ದಾಳಿ ವಿಭಾಗದ ನಿಯಮವಾಯಿತು. ತನಗೆ ಚೆನ್ನಾಗಿ ಬರುವ ವಿದ್ಯೆಯನ್ನು ಬದಿಗಿಟ್ಟು ತಂಡಕ್ಕೆ ಬೇಕಾದದ್ದನ್ನು ಮಾಡುವುದು ಯಾವ ತರಬೇತುದಾರನಿಗೂ ಸುಲಭವಲ್ಲ. ಬಿಲಿಕ್ ಅವರನ್ನು ನಾನು ಗೌರವಿಸುವುದು ಅದಕ್ಕಾಗಿ.

ಎದುರಾಳಿಗೆ ಆಡಗೊಡದಿರುವುದು ಆಟವೇ ಅಲ್ಲ ಎಂಬ ತಮ್ಮ ಮಾತನ್ನು ನಾನು ಒಪ್ಪಲಾರೆ. ಪತ್ರದಲ್ಲಿ ತಾವೇ ಕಬಡ್ಡಿಯನ್ನು ನೆನೆದಿದ್ದೀರಿ. ಕಬಡ್ಡಿಯಲ್ಲಿ ರೈಡರ್‌ನ ಕಾಲು ಹಿಡಿದು ಗೆರೆ ಮುಟ್ಟದಂತೆ ತಡೆದವನಿಗೂ ಅಂಕವುಂಟು. ಅಮೆರಿಕನ್ ಫುಟ್‌ಬಾಲ್‌ನಲ್ಲಿಯೂ ರಕ್ಷಣಾ ವಿಭಾಗ ಚೆಂಡನ್ನು ಕಸಿದುಕೊಂಡು ಓಡಿ ಅಂಕ ಗಳಿಸಬಹುದು. ಆದರೆ ರೇವನ್ಸ್ ರಕ್ಷಣೆಯ ಸೊಗಸು ಇರುವುದು ಅದಕ್ಕಿಂತ ಆಳದಲ್ಲಿ, ಆಟದ ಮೂಲ ಲೆಕ್ಕದಲ್ಲಿ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಸಾಗಲು ನಾಲ್ಕು ಅವಕಾಶಗಳಿವೆ; ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸಿಬಿಡುತ್ತಾರೆ. ಹಾಗಾಗಿ ನಿಜವಾಗಿ ಇರುವುದು ಮೂರೇ ಅವಕಾಶ. ಆ ವರ್ಷ ರೇವನ್ಸ್ ಎದುರು ಚೆಂಡು ಹಿಡಿದು ಓಡಿದವರು ಒಂದು ಓಟಕ್ಕೆ ಸರಾಸರಿ ಕ್ರಮಿಸಿದ್ದು 2.7 ಗಜ. ಮೂರು ಸಲ ಓಡಿದರೂ ಎಂಟು ಗಜದ ಆಸುಪಾಸು; ಹತ್ತು ತಲುಪುವುದಿಲ್ಲ. ಆದ್ದರಿಂದ ಚೆಂಡನ್ನು ಎಸೆಯಲೇಬೇಕು, ಎಸೆಯುತ್ತಾರೆಂಬುದು ರಕ್ಷಕರಿಗೆ ಮೊದಲೇ ಗೊತ್ತಿರುತ್ತದೆ, ಗೊತ್ತಿರುವುದರಿಂದ ಮೈಕೆಲ್ ಮೆಕ್ರೇರಿ, ರಾಬ್ ಬರ್ನೆಟ್, ಪೀಟರ್ ಬೋಲ್ವೇರ್ ಇವರೆಲ್ಲ ಹಿಂದುಮುಂದು ನೋಡದೆ ಕ್ವಾರ್ಟರ್‌ಬ್ಯಾಕ್‌ನ ಮೇಲೆ ನುಗ್ಗಬಹುದು, ಆತ ಅವಸರದಲ್ಲಿ ಎಸೆದ ಚೆಂಡು ಡ್ವೇನ್ ಸ್ಟಾರ್ಕ್ಸ್, ಕ್ರಿಸ್ ಮೆಕಾಲಿಸ್ಟರ್ ಅಥವಾ 35 ವರ್ಷದ ಹಳೆಯ ಹುಲಿ ರಾಡ್ ವುಡ್ಸನ್ ಅವರ ಕೈಗೆ ಸಿಗಬಹುದು. ಆ ಋತುವಿನಲ್ಲಿ ಅವರು ಎಸೆತದಲ್ಲಿ ಹಿಡಿದ ಚೆಂಡುಗಳು 23, ಕೈಜಾರಿ ಬಿದ್ದಾಗ ಕಸಿದವು 26. ಓಟವನ್ನು ತಡೆದದ್ದರಿಂದಲೇ ಉಳಿದದ್ದೆಲ್ಲ ಹುಟ್ಟಿತು.

ಓಟವನ್ನು ತಡೆದದ್ದು ಹೇಗೆ ಎಂದರೆ, ನಡುವೆ ನಿಂತ ಇಬ್ಬರು ಭಾರಿ ಆಳುಗಳಿಂದ. ಟೋನಿ ಸಿರಗೂಸಾ ಮತ್ತು ಸ್ಯಾಮ್ ಆಡಮ್ಸ್, ಒಬ್ಬೊಬ್ಬರೂ 300 ಪೌಂಡ್ ಮೀರಿದವರು. ದಾಳಿ ಮಾಡುವ ತಂಡದ ಮುಂಚೂಣಿಯಲ್ಲಿ ದಾರಿ ಬಿಡಿಸುವವರು ಐವರು. ಈ ಇಬ್ಬರನ್ನು ಅಲುಗಿಸಲು ತಲೆಗೆ ಇಬ್ಬರಂತೆ ನಾಲ್ವರು ಬೇಕಾದರೆ ಉಳಿಯುವವನು ಒಬ್ಬ. ಹಾಗಿದ್ದಾಗ ಅವರ ಬೆನ್ನ ಹಿಂದೆ ನಿಂತ ಲೈನ್‌ಬ್ಯಾಕರ್ ರೇ ಲೂಯಿಸ್ ಅವರ ಮೈಮುಟ್ಟಲು ಯಾರೂ ಇರುವುದಿಲ್ಲ. ಅವರು ಈ ಅಂಚಿನಿಂದ ಆ ಅಂಚಿನವರೆಗೆ ಎಲ್ಲಿ ಬೇಕಾದರೂ ಓಡಿ ಚೆಂಡು ಹಿಡಿದವನನ್ನು ಕೆಡವಬಹುದು. ಆ ವರ್ಷದ ಅತ್ಯುತ್ತಮ ರಕ್ಷಕ ಪ್ರಶಸ್ತಿಯೂ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ರೇ ಲೂಯಿಸ್ ಅವರಿಗೆ ಸಂದವು, ಸಲ್ಲಬೇಕಾದದ್ದೇ. ಆದರೆ ಸಿರಗೂಸಾ ಮತ್ತು ಆಡಮ್ಸ್ ಪ್ರತಿ ಸಲವೂ ತಮ್ಮ ಮೇಲೆ ಇಬ್ಬಿಬ್ಬರನ್ನು ಎಳೆದುಕೊಂಡು ಮಾಡಿದ ಕೆಲಸಕ್ಕೆ ಅಂಕಿಅಂಶಗಳ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ. ಎರಡು ಗೋಡೆಗಳು ಕುಸ್ತಿ ಹಿಡಿದಂತೆ ಕಾಣುತ್ತದೆ ಎಂದು ತಾವು ಬರೆದಿದ್ದೀರಲ್ಲ, ಆ ಗೋಡೆಯಲ್ಲಿ ನಡೆಯುತ್ತಿರುವುದು ಇದು. ಅದನ್ನು ನೋಡಲು ಕಣ್ಣು ಪಳಗಬೇಕು ಎಂಬುದನ್ನು ಒಪ್ಪುತ್ತೇನೆ.

ಈ ರಕ್ಷಣೆಯಲ್ಲಿ ಬಿರುಕೇ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಎರಡನೆಯ ವಾರದಲ್ಲಿಯೇ ಜ್ಯಾಕ್ಸನ್‌ವಿಲ್ ಇವರ ಮೇಲೆ 36 ಅಂಕ ಹೇರಿತು. ಜಿಮ್ಮಿ ಸ್ಮಿತ್ ಒಬ್ಬರೇ 291 ಗಜಗಳಷ್ಟು ಎಸೆತ ಹಿಡಿದರು. ಅಂದು 39-36ರಿಂದ ತಂಡವನ್ನು ಗೆಲ್ಲಿಸಿದ್ದು ದಾಳಿ ವಿಭಾಗ. ಇದನ್ನು ಮರೆತು ಬರೆಯುವವರು ಬಹಳ. ಆದರೂ ಒಟ್ಟು 16 ಪಂದ್ಯಗಳಲ್ಲಿ ಹನ್ನೊಂದರಲ್ಲಿ ಎದುರಾಳಿಗೆ ಹತ್ತಕ್ಕಿಂತ ಹೆಚ್ಚು ಅಂಕ ಸಿಗಲಿಲ್ಲ, ನಾಲ್ಕರಲ್ಲಿ ಸೊನ್ನೆ.

ಅದೃಷ್ಟದ ವಿಚಾರ. ತಾವು ಹೇಳುವ ಪಂದ್ಯ ನವೆಂಬರ್ 12ರಂದು ಟೆನ್ನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ ನಡೆದದ್ದು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಡಿಲ್ಫರ್ ಎಸೆದ ಚೆಂಡನ್ನು ಎದುರಾಳಿ ಹಿಡಿದು ಗೆರೆಯವರೆಗೆ ಓಡಿದ. ಟೆನ್ನೆಸ್ಸಿ 23-17ರಿಂದ ಮುಂದಾಯಿತು. ಅದರ ಹಿಂದೆಯೇ ಸಿಗಬೇಕಾಗಿದ್ದ ಹೆಚ್ಚುವರಿ ಒಂದು ಅಂಕದ ಒದೆತವನ್ನು ಅವರ ಕಿಕ್ಕರ್ ಅಲ್ ಡೆಲ್ ಗ್ರೆಕೊ ತಪ್ಪಿಸಿದರು. ಡಿಲ್ಫರ್ ತಂಡವನ್ನು ಇಡೀ ಮೈದಾನ ದಾಟಿಸಿ ಟಚ್‌ಡೌನ್ ತಂದುಕೊಟ್ಟು 24-23 ಮಾಡಿದರು. ಕಡೆಯ ಗಳಿಗೆಯಲ್ಲಿ 43 ಗಜ ದೂರದಿಂದ ಡೆಲ್ ಗ್ರೆಕೊ ಒದ್ದ ಚೆಂಡೂ ಗುರಿ ತಪ್ಪಿತು. ಅಂದು ಅದೃಷ್ಟ ಬಾಲ್ಟಿಮೋರ್ ಕಡೆಗಿತ್ತು, ಅದರಲ್ಲಿ ಮಾತಿಲ್ಲ. ಆದರೆ ಅದೇ ಎರಡು ತಂಡಗಳು ಎಂಟು ವಾರಗಳ ನಂತರ ಅದೇ ಮೈದಾನದಲ್ಲಿ ಪ್ಲೇಆಫ್‌ನಲ್ಲಿ ಎದುರಾದಾಗ ಬಾಲ್ಟಿಮೋರ್ ಗೆದ್ದದ್ದು 24-10ರಿಂದ. ನಾಲ್ಕು ಪ್ಲೇಆಫ್ ಪಂದ್ಯಗಳಲ್ಲಿ ಎದುರಾಳಿಗಳಿಗೆ ಸಿಕ್ಕ ಒಟ್ಟು ಅಂಕ 23. ಅಷ್ಟನ್ನು ಅದೃಷ್ಟದ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸಾಗದು.

ಹಾಗಾದರೆ ದಾಳಿಗೆ ಬೆಲೆಯಿಲ್ಲವೇ ಎಂದು ಕೇಳಬಹುದು. ಅದೇ ವರ್ಷ ಸೇಂಟ್ ಲೂಯಿಸ್ ರ‍್ಯಾಮ್ಸ್ 540 ಅಂಕ ಗಳಿಸಿತು, ಬಾಲ್ಟಿಮೋರ್ ಗಳಿಸಿದ 333ಕ್ಕಿಂತ ಇನ್ನೂರಕ್ಕೂ ಹೆಚ್ಚು. ಕಣ್ಣಿಗೆ ಹಬ್ಬವಾಗಿದ್ದ ಆ ತಂಡವೇ ಎದುರಾಳಿಗಳಿಗೆ 471 ಅಂಕ ಬಿಟ್ಟುಕೊಟ್ಟು, ಪ್ಲೇಆಫ್‌ನ ಮೊದಲ ಪಂದ್ಯದಲ್ಲಿಯೇ ಹೊರಬಿತ್ತು. ಇದರಿಂದ ದಾಳಿ ವ್ಯರ್ಥವೆಂದು ನಾನು ಸಾಧಿಸಹೊರಟಿಲ್ಲ. ಹಿಂದಿನ ವರ್ಷ ಅದೇ ರ‍್ಯಾಮ್ಸ್ ಚಾಂಪಿಯನ್ ಆಗಿತ್ತು. ನಮ್ಮ ಲೇಖನದ ಶೀರ್ಷಿಕೆಯಲ್ಲಿ ‘ರಕ್ಷಣೆಯೊಂದರಿಂದಲೇ’ ಎಂಬ ಮಾತಿತ್ತು, ಅದರ ಬಗ್ಗೆ ತಮ್ಮ ಅಸಮಾಧಾನ ಸರಿಯಾದದ್ದು. ಬಾಲ್ಟಿಮೋರ್‌ನ 333 ಅಂಕಗಳಲ್ಲಿ 135 ಸ್ಟೋವರ್ ಒಬ್ಬರ ಕಾಲಿನಿಂದ ಬಂದವು. 1991ರಿಂದ, ತಂಡ ಇನ್ನೂ ಕ್ಲೀವ್‌ಲ್ಯಾಂಡಿನಲ್ಲಿದ್ದ ಕಾಲದಿಂದಲೂ ಜೊತೆಗಿದ್ದ ಆ ಮನುಷ್ಯನಿಗೆ ನಮ್ಮ ಲೇಖನ ಒಂದೇ ವಾಕ್ಯ ಮೀಸಲಿಟ್ಟದ್ದು ಅನ್ಯಾಯ. ಡಿಲ್ಫರ್ ಅವರಿಗೆ ಆದದ್ದು ಅದಕ್ಕಿಂತ ದೊಡ್ಡ ಅನ್ಯಾಯ: ಸೂಪರ್ ಬೌಲ್ ಗೆದ್ದುಕೊಟ್ಟ ಕ್ವಾರ್ಟರ್‌ಬ್ಯಾಕ್‌ನನ್ನು ಮುಂದಿನ ಋತುವಿಗೆ ತಂಡ ಉಳಿಸಿಕೊಳ್ಳಲೇ ಇಲ್ಲ. 2001ರಲ್ಲಿ ಬೇರೊಬ್ಬರೊಡನೆ ಆಡಿದ ತಂಡ ಪಿಟ್ಸ್‌ಬರ್ಗ್ ಎದುರು ಸೋತು ಪ್ಲೇಆಫ್‌ನ ಅರ್ಧದಾರಿಯಲ್ಲಿ ನಿಂತಿತು.

ಇನ್ನು, ನೋಡಬೇಕಾದ ಪಂದ್ಯ. ಎಲ್ಲರೂ ಸೂಪರ್ ಬೌಲ್ ಅನ್ನೇ ಸೂಚಿಸುತ್ತಾರೆ. ಅಂದು ನ್ಯೂಯಾರ್ಕ್ ಜೈಂಟ್ಸ್ ತಂಡದ ದಾಳಿ ವಿಭಾಗ ಒಂದಂಕವನ್ನೂ ಗಳಿಸಲಿಲ್ಲ; 34-7ರ ಆ ಏಳು ಅಂಕ ಬಂದದ್ದು ಅಂಕವಾದ ಮೇಲೆ ಆಟವನ್ನು ಮತ್ತೆ ಶುರುಮಾಡುವ ಒದೆತವನ್ನು ಹಿಡಿದು 97 ಗಜ ಓಡಿದ ರಾನ್ ಡಿಕ್ಸನ್ ಅವರಿಂದ. ಮೂರನೆಯ ಕ್ವಾರ್ಟರಿನಲ್ಲಿ (ಪಂದ್ಯದ ಕಾಲುಭಾಗದಲ್ಲಿ) 36 ಸೆಕೆಂಡುಗಳೊಳಗೆ ಮೂರು ಟಚ್‌ಡೌನ್‌ಗಳಾದವು, ಮೂರರಲ್ಲಿ ಒಂದೂ ಯಾವ ತಂಡದ ದಾಳಿ ವಿಭಾಗದ್ದೂ ಅಲ್ಲ. ಮೊಮ್ಮಗನಿಗೆ ಆ ಅರ್ಧ ನಿಮಿಷವನ್ನು ಖಂಡಿತ ತೋರಿಸಿ. ಆದರೆ ಇಡಿಯಾಗಿ ಕುಳಿತು ನೋಡುವುದಕ್ಕೆ 2001ರ ಜನವರಿ 7ರ ನ್ಯಾಶ್‌ವಿಲ್ ಪಂದ್ಯವನ್ನು ಆರಿಸಿಕೊಳ್ಳಿ. ಟೆನ್ನೆಸ್ಸಿ ಅಂದು ಇವರಿಗಿಂತ ಎರಡು ಪಟ್ಟಿಗೂ ಹೆಚ್ಚು ದೂರ ಕ್ರಮಿಸಿತು. ಮೊದಲ ದಾಳಿಯಲ್ಲಿಯೇ ಎಡ್ಡಿ ಜಾರ್ಜ್ ಟಚ್‌ಡೌನ್ ಗಳಿಸಿದರು. ಆಮೇಲೆ ಪಂದ್ಯವಿಡೀ ಆ ತಂಡಕ್ಕೆ ದಕ್ಕಿದ್ದು ಮೂರು ಅಂಕ. ನಾಲ್ಕನೆಯ ಕ್ವಾರ್ಟರಿನಲ್ಲಿ 10-10 ಇದ್ದಾಗ ಡೆಲ್ ಗ್ರೆಕೊ ಒದ್ದ ಚೆಂಡನ್ನು ಕೀತ್ ವಾಷಿಂಗ್ಟನ್ ಕೈಯೊಡ್ಡಿ ತಡೆದರು, ಪುಟಿದು ಬಂದ ಚೆಂಡನ್ನು ಹಿಡಿದು ಆಂಥನಿ ಮಿಚೆಲ್ 90 ಗಜ ಓಡಿದರು.

ಅದಾದ ಸ್ವಲ್ಪ ಹೊತ್ತಿಗೆ ಎಡ್ಡಿ ಜಾರ್ಜ್ ಕಡೆಗೆ ಒಂದು ಎಸೆತ ಬರುತ್ತದೆ. ಆಗ ಮೊಮ್ಮಗನಿಗೆ ಚೆಂಡನ್ನು ಬಿಟ್ಟು 52ರ ಅಂಗಿಯನ್ನೇ ನೋಡಲು ಹೇಳಿ. ಚೆಂಡು ಜಾರ್ಜ್ ಅವರ ಕೈಯಲ್ಲಿ ಕುಳಿತಿತು ಎನ್ನುವಷ್ಟರಲ್ಲಿ ರೇ ಲೂಯಿಸ್ ಅದನ್ನು ಕಿತ್ತುಕೊಂಡು 50 ಗಜ ಓಡಿಯಾಗಿರುತ್ತದೆ. ನೋಡಿದ ಮೇಲೆ ಇಬ್ಬರ ಅಭಿಪ್ರಾಯವನ್ನೂ ಬರೆದು ಕಳುಹಿಸಿ. ಮೊಮ್ಮಗನದು ನಮ್ಮದಕ್ಕೆ ವಿರುದ್ಧವಾಗಿದ್ದರೂ ಪ್ರಕಟಿಸುತ್ತೇವೆ.

ತಮ್ಮ ವಿಶ್ವಾಸದ,
ಸಂಪಾದಕ